ರಾಶಿಕಂಬದ ಬಿಸಿಲು, ಮೊಬೈಲಿನ ಲೆಕ್ಕ

ಶೃಂಗೇರಿಯ ವಿದ್ಯಾಶಂಕರ ದೇವಾಲಯಕ್ಕೆ ಹೋದವರಿಗೆ ಯಾರಾದರೊಬ್ಬರು ರಾಶಿಕಂಬಗಳ ವಿಷಯ ಹೇಳಿಯೇ ಹೇಳುತ್ತಾರೆ. ಮಂಟಪದಲ್ಲಿ 12 ಕಂಬ, ಒಂದೊಂದರಲ್ಲೂ ಒಂದೊಂದು ರಾಶಿಯ ಗುರುತು. ಸೂರ್ಯ ಯಾವ ರಾಶಿಯಲ್ಲಿದ್ದಾನೋ ಆ ತಿಂಗಳ ಬಿಸಿಲು ಆ ಕಂಬದ ಮೇಲೆ ಬೀಳುತ್ತದೆ ಎನ್ನುವುದು ನಂಬಿಕೆ. ನೆರಳಿನ ದಿಕ್ಕು ತಿಳಿಯಲೆಂದು ನೆಲದಲ್ಲಿ ವೃತ್ತವನ್ನೂ ಗೆರೆಗಳನ್ನೂ ಕೊರೆದಿದ್ದಾರೆ. 14ನೇ ಶತಮಾನದ ಕಟ್ಟಡ ಇದು. ಈಗ ಬಂದವರೆಲ್ಲರ ಕೈಯಲ್ಲೂ ಮೊಬೈಲ್ ಇರುವಾಗ, ತಿಂಗಳಿಗೊಂದು ಫೋಟೊ ತೆಗೆದರೆ ನಿಜ ಏನೆಂದು ಗೊತ್ತಾಗುವುದಿಲ್ಲವೇ?

ಗೊತ್ತಾಗಬಹುದು. ಆದರೆ ಮೊದಲು ಮೊಬೈಲಿನ ಬುದ್ಧಿಯನ್ನು ಸ್ವಲ್ಪ ಸುಮ್ಮನಿರಿಸಬೇಕು.

ಮೊಬೈಲಿನ ಸಂವೇದಕದಲ್ಲಿ ಲಕ್ಷಾಂತರ, ಈಗೀಗ ಕೋಟಿಗಟ್ಟಲೆ, ಬೆಳಕಿನ ಗುಳಿಗಳಿರುತ್ತವೆ. ಗುಳಿಗೆ ಬಣ್ಣ ತಿಳಿಯದು, ಬಿದ್ದ ಬೆಳಕು ಎಷ್ಟೆಂದು ಮಾತ್ರ ಅಳೆಯುತ್ತದೆ. ಅದಕ್ಕಾಗಿ ಪ್ರತಿ ಗುಳಿಯ ಮೇಲೂ ಕೆಂಪು, ಹಸಿರು, ನೀಲಿ ಇವುಗಳಲ್ಲಿ ಒಂದು ಬಣ್ಣದ ಶೋಧಕವನ್ನು ಕೂರಿಸುತ್ತಾರೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆಯೇ ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳ ಆಧಾರ. ಅದರಲ್ಲಿ ಅರ್ಧದಷ್ಟು ಗುಳಿಗಳು ಹಸಿರಿಗೇ ಮೀಸಲು. ನಮ್ಮ ಕಣ್ಣು ಹಸಿರಿನ ಆಸುಪಾಸಿನ ಬೆಳಕಿಗೆ ಹೆಚ್ಚು ಸೂಕ್ಷ್ಮವಾಗಿರುವುದೇ ಕಾರಣ. ಮಲೆನಾಡಿನವರಿಗೆ ಇದು ಖುಷಿಯ ಸುದ್ದಿಯೇ ಸರಿ. ಒಂದು ಗುಳಿಗೆ ಒಂದೇ ಬಣ್ಣದ ಅಳತೆ ಸಿಗುವುದರಿಂದ ಉಳಿದೆರಡನ್ನು ಅಕ್ಕಪಕ್ಕದವುಗಳಿಂದ ಊಹಿಸಬೇಕು. ಅಂದರೆ ಫೋಟೊದ ಬಣ್ಣದ ಮಾಹಿತಿಯಲ್ಲಿ ಮೂರರಲ್ಲೆರಡು ಪಾಲು ಅಳೆದದ್ದಲ್ಲ, ಲೆಕ್ಕ ಹಾಕಿದ್ದು.

ಇದು ಹಳೆಯ ಲೆಕ್ಕ, ಯಾರಿಗೂ ತೊಂದರೆ ಕೊಟ್ಟದ್ದಲ್ಲ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಸೇರಿಕೊಂಡ ಲೆಕ್ಕ ಬೇರೆ ಬಗೆಯದು. ಹೊರಗಿನ ಕಲ್ಲುಹಾಸಿನ ಮೇಲೆ ಸುಡುಬಿಸಿಲು, ಮಂಟಪದೊಳಗೆ ಮಬ್ಬು. ಇವೆರಡರ ನಡುವೆ ಸಾವಿರ ಪಟ್ಟು ವ್ಯತ್ಯಾಸವಿದ್ದರೂ ಆಶ್ಚರ್ಯವಿಲ್ಲ. ಫಿಲ್ಮ್ ಕಾಲದ ಛಾಯಾಗ್ರಾಹಕ ಇಲ್ಲಿ ಒಂದನ್ನು ಬಿಟ್ಟುಕೊಡಲೇಬೇಕಿತ್ತು: ಕಂಬ ಕಂಡರೆ ಬಾಗಿಲು ಬೆಳ್ಳಗೆ ಸುಟ್ಟಂತೆ, ಬಾಗಿಲು ಕಂಡರೆ ಕಂಬ ಕಪ್ಪಗೆ. ಮೊಬೈಲ್ ಯಾವುದನ್ನೂ ಬಿಡುವುದಿಲ್ಲ. ಕ್ಯಾಮೆರಾ ತೆರೆದಾಗಿನಿಂದಲೇ ಅದು ಚಿತ್ರಗಳನ್ನು ಹಿಡಿಯುತ್ತಿರುತ್ತದೆ. ನೀವು ಗುಂಡಿ ಒತ್ತಿದಾಗ ಹಲವು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯುತ್ತದೆ. ಒಂಬತ್ತು ಚಿತ್ರ ಸೇರಿದರೆ ಕತ್ತಲಿನ ಭಾಗದ ಕಾಳುಕಾಳು ಮೂರರಲ್ಲೊಂದಕ್ಕೆ ಇಳಿಯುತ್ತದೆ. ಆಮೇಲೆ ನೆರಳನ್ನು ಎತ್ತಿ, ಬಿಸಿಲನ್ನು ತಗ್ಗಿಸಿ, ಎರಡನ್ನೂ ಹದಕ್ಕೆ ತರುತ್ತದೆ.

ತೊಡಕು ಇರುವುದು ಇಲ್ಲೇ. ರಾಶಿಕಂಬದ ಪ್ರಶ್ನೆ ಪೂರ್ತಿ ನಿಂತಿರುವುದು ಬಿಸಿಲು ಬಿದ್ದ ಕಂಬಕ್ಕೂ ಬೀಳದ ಕಂಬಕ್ಕೂ ಇರುವ ವ್ಯತ್ಯಾಸದ ಮೇಲೆ. ಮೊಬೈಲ್ ಕಷ್ಟಪಟ್ಟು ಅಳಿಸುವುದು ಅದೇ ವ್ಯತ್ಯಾಸವನ್ನು. ಯಂತ್ರ ಇದಕ್ಕಿಂತ ಮುಂದೆ ಹೋಗುವುದೂ ಉಂಟು. 2023ರಲ್ಲಿ ಒಬ್ಬ ಬಳಕೆದಾರ ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯಲ್ಲಿಟ್ಟು ಸ್ಯಾಮ್ಸಂಗ್ ಫೋನಿನಲ್ಲಿ ಫೋಟೊ ತೆಗೆದ. ಪರದೆಯ ಮೇಲೆ ಇಲ್ಲದ ಕುಳಿಗಳೂ ಕಲೆಗಳೂ ಫೋಟೊದಲ್ಲಿ ಬಂದವು. ದೃಶ್ಯದಲ್ಲಿ ಚಂದ್ರನನ್ನು ಗುರುತಿಸಿ ವಿವರ ತುಂಬುವ ತಂತ್ರಾಂಶ ತನ್ನ ಫೋನಿನಲ್ಲಿದೆ ಎಂದು ಕಂಪನಿ ಒಪ್ಪಿ ವಿವರಿಸಿತು. ಮದುವೆ ಫೋಟೊಕ್ಕೆ ಇಂಥ ಉಪಕಾರ ಇರಲಿ, ಸಾಕ್ಷಿ ನುಡಿಯುವ ಫೋಟೊಕ್ಕೆ ಬೇಡ.

ದಾರಿ ಇಲ್ಲದಿಲ್ಲ. ಈಗಿನ ಹಲವು ಫೋನುಗಳಲ್ಲಿ ‘ರಾ’ ಎಂಬ ಕಚ್ಚಾ ಕಡತದ ಸೌಲಭ್ಯವಿದೆ. ‘ಪ್ರೊ’ ವಿಧಾನದಲ್ಲಿ ಬೆಳಕಿನ ಪ್ರಮಾಣವನ್ನು ಕೈಯಾರೆ ಬಿಗಿಮಾಡಬಹುದು. ಅನುಮತಿ ಪಡೆದು, ಒಂದೇ ಜಾಗದಲ್ಲಿ ಸ್ಟ್ಯಾಂಡ್ ನಿಲ್ಲಿಸಿ, ಒಂದೇ ಹೊಂದಿಕೆಯಲ್ಲಿ ಬೆಳಗಿನಿಂದ ಕೆಲವು ನಿಮಿಷಕ್ಕೊಂದರಂತೆ ತೆಗೆದರೆ ಅವನ್ನು ಹೋಲಿಸಬಹುದು. ಕಡತದೊಳಗೆ ದಿನಾಂಕ, ಗಂಟೆ ತಾವಾಗಿಯೇ ದಾಖಲಾಗುತ್ತವೆ.

ಆದರೆ ತಕರಾರು ಮಾಡುವುದು ಕ್ಯಾಮೆರಾ ಒಂದೇ ಅಲ್ಲ, ಸೂರ್ಯನೂ ಮಾಡುತ್ತಾನೆ. ಉತ್ತರಕ್ಕೆ ಸರಿಯುವಾಗ ನಡೆದ ದಾರಿಯಲ್ಲೇ ಅವನು ದಕ್ಷಿಣಕ್ಕೆ ಮರಳುತ್ತಾನೆ. ಶೃಂಗೇರಿ ಇರುವುದು ಸುಮಾರು 13.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಡುಹಗಲಲ್ಲಿ ನೆಟ್ಟ ಕೋಲಿನ ನೆರಳು ಇಲ್ಲಿ ವರ್ಷಕ್ಕೆ ಎರಡು ಬಾರಿ ಮಾಯವಾಗುತ್ತದೆ, ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ. ಮೊದಲನೆಯದು ಮೇಷ ಮಾಸ, ಎರಡನೆಯದು ಕರ್ಕಾಟಕ–ಸಿಂಹದ ಸಂಧಿ. ಈ ಎರಡು ದಿನ ಸೂರ್ಯನ ಹಾದಿ ಬಹುತೇಕ ಒಂದೇ. ಆದ್ದರಿಂದ ಏಪ್ರಿಲ್‌ನಲ್ಲಿ ಬೆಳಗಿದ ಕಂಬ ಆಗಸ್ಟ್‌ನಲ್ಲೂ ಬೆಳಗಲೇಬೇಕು. ಬಿಸಿಲಿನ ದಿಕ್ಕೊಂದರಿಂದಲೇ 12 ಮಾಸಗಳಿಗೆ 12 ಬೇರೆ ಬೇರೆ ಕಂಬಗಳನ್ನು ಆರಿಸುವುದು ಸಾಧ್ಯವಿಲ್ಲ. ಹಾಗಾದರೆ ಶಿಲ್ಪಿಗಳ ಉದ್ದೇಶ ನಾವು ಹೇಳಿಕೊಳ್ಳುವಷ್ಟು ಸರಳವಾಗಿರಲಿಲ್ಲ ಎಂದೇ ನನಗನ್ನಿಸುತ್ತದೆ.

ಇದರ ಮೇಲೆ ಅಯನಚಲನೆ ಬೇರೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ನಮ್ಮ ಸಂಕ್ರಮಣಗಳು ಋತುಗಳಿಗೆ ಹೋಲಿಸಿದರೆ ಸುಮಾರು 72 ವರ್ಷಕ್ಕೆ ಒಂದು ದಿನ ಮುಂದೆ ಜರುಗುತ್ತವೆ. ದೇವಾಲಯ ಕಟ್ಟಿದ ಮೇಲೆ ಇದು ಒಂಬತ್ತು ಹತ್ತು ದಿನಗಳಾಗಿದೆ. ಮೇಷ ಸಂಕ್ರಮಣದ ಸೂರ್ಯ ಅಂದಿಗಿಂತ ಇಂದು ಮೂರೂವರೆ ಡಿಗ್ರಿಯಷ್ಟು ಉತ್ತರಕ್ಕಿದ್ದಾನೆ, ಅಂದರೆ ತನ್ನದೇ ಬಿಂಬದ ಏಳು ಪಟ್ಟು.

ಇಷ್ಟಾದರೂ ಆಗಸ್ಟ್‌ನ ಫೋಟೊ ಸಿಗುವುದು ಅನುಮಾನ. ಆಶ್ಲೇಷ ಮಳೆ ಹಿಡಿದಾಗ ಶೃಂಗೇರಿಯಲ್ಲಿ ಬೆಳಗಿನ ಬಿಸಿಲು ಕಾಯುವುದೆಂದರೆ ತಮಾಷೆಯ ಮಾತು. ಅಲ್ಲಿ ಮೊಬೈಲಿನ ಲೆಕ್ಕವನ್ನೇ ಬೇರೆ ಕೆಲಸಕ್ಕೆ ಹಚ್ಚಬಹುದು. ಮಂಟಪವನ್ನು ನಾನಾ ಕೋನಗಳಿಂದ, ಒಂದರ ಅಂಚು ಇನ್ನೊಂದರಲ್ಲಿ ಬರುವಂತೆ ನೂರಾರು ಫೋಟೊ ತೆಗೆದರೆ, ಒಂದಕ್ಕಿಂತ ಹೆಚ್ಚು ಫೋಟೊಗಳಲ್ಲಿ ಕಾಣುವ ಬಿಂದುಗಳನ್ನು ಹೊಂದಿಸಿ ತಂತ್ರಾಂಶವು ಮೂರು ಆಯಾಮದ ಮಾದರಿ ಕಟ್ಟುತ್ತದೆ. ನಿಖರತೆಯೂ ವಿಪರೀತ ಬೇಕಿಲ್ಲ. ಸೂರ್ಯಬಿಂಬದ ಅಗಲವೇ ಅರ್ಧ ಡಿಗ್ರಿ ಇರುವುದರಿಂದ ಬಾಗಿಲಿನಿಂದ 10 ಮೀಟರ್ ಒಳಗೆ ಬಿಸಿಲಿನ ಅಂಚು ಹೇಗೂ 9 ಸೆಂಟಿಮೀಟರಿನಷ್ಟು ಮಸುಕಾಗಿರುತ್ತದೆ. ಆ ಮಾದರಿಯನ್ನು ನಿಜವಾದ ದಿಕ್ಕಿಗೆ ಕೂರಿಸಿ ಸೂರ್ಯನ ಹಾದಿ ಹರಿಸಿದರೆ, ಮೋಡವಿಲ್ಲದ ಆಗಸ್ಟನ್ನೂ 14ನೇ ಶತಮಾನದ ಮೇಷ ಸಂಕ್ರಮಣವನ್ನೂ ಪರದೆಯ ಮೇಲೆ ನೋಡಬಹುದು. ಊರಿನ ಕಾಲೇಜು ಹುಡುಗರು ಒಂದು ಬೇಸಿಗೆ ರಜೆಯಲ್ಲಿ ಮಾಡಿ ಮುಗಿಸಬಲ್ಲ ಕೆಲಸ ಇದು. ಅಳತೆ ಸರಿನೋಡಲು ಒಂದು ಉದ್ದದ ಟೇಪು ಮಾತ್ರ ಜೊತೆಗಿರಲಿ.