ಹೊಸೂರಿನ ಅಕ್ಕ, ಅತ್ತಿಬೆಲೆಯ ನಾನು, ನಡುವೆ ಕರೆಂಟ್ ಬಿಲ್ಲು

ಅಕ್ಕನ ಮನೆಗೂ ನಮ್ಮ ಮನೆಗೂ ಹತ್ತು ಕಿಲೋಮೀಟರ್ ಇದ್ದರೆ ಹೆಚ್ಚು. ನಾನು ಅತ್ತಿಬೆಲೆ, ಅವಳು ಹೊಸೂರು. ನಡುವೆ ಒಂದು ರಾಜ್ಯದ ಗಡಿ. ಅವಳ ಮನೆಯ ಹುರುಳಿ ಸಾರು ಬಿಸಿ ಆರುವ ಮೊದಲೇ ನಮ್ಮ ಮನೆ ಸೇರುತ್ತದೆ. ಕರೆಂಟ್ ಬಿಲ್ಲಿನ ವಿಷಯದಲ್ಲಿ ಮಾತ್ರ ನಾವಿಬ್ಬರೂ ಬೇರೆ ಬೇರೆ ದೇಶದವರು.

ಇದು ನನಗೆ ಮನದಟ್ಟಾದದ್ದು 2025ರ ಬೇಸಿಗೆಯಲ್ಲಿ. ಮೇ ತಿಂಗಳಿಡೀ ಮೊಮ್ಮಕ್ಕಳು ನಮ್ಮಲ್ಲಿದ್ದರು. ಹಗಲು ಕೂಲರ್, ರಾತ್ರಿ ಮೂರು ಫ್ಯಾನು, ದಿನಕ್ಕೆರಡು ಸಲ ವಾಷಿಂಗ್ ಮಷಿನ್. ಜೂನ್ ಮೊದಲ ವಾರ ಮೀಟರ್ ಓದುವ ಹುಡುಗ ಬಂದು, ಸೊಂಟದ ಮಷಿನ್ನಿನಿಂದ ಚೀಟಿ ಹರಿದುಕೊಟ್ಟ. ವರ್ಷಕ್ಕೂ ಮೇಲಿಂದ ಸೊನ್ನೆ ನೋಡಿ ಅಭ್ಯಾಸವಾಗಿದ್ದ ಜಾಗದಲ್ಲಿ ಸಾವಿರದ ಎಂಟುನೂರು ಚಿಲ್ಲರೆ ಕೂತಿತ್ತು. ಬಳಸಿದ್ದು 207 ಯೂನಿಟ್.

ಅದೇ ವಾರ ಅಕ್ಕ ಫೋನಿನಲ್ಲಿ, "ನಮ್ದು ಎರಡು ತಿಂಗಳಿಗೆ 486 ಆಗಿದೆ ಕಣೇ, 1717 ರೂಪಾಯಿ ಬಂತು" ಎಂದು ಗೊಣಗಿದಳು. ತಿಂಗಳಿಗೆ ಹಾಕಿದರೆ ಅವಳದು 243 ಯೂನಿಟ್, 858 ರೂಪಾಯಿ. ನನಗಿಂತ ಹೆಚ್ಚು ಉರಿಸಿ, ನನ್ನ ಅರ್ಧಕ್ಕಿಂತ ಕಡಿಮೆ ಕಟ್ಟಿ, ಮೇಲೆ ಗೊಣಗಾಟ ಬೇರೆ!

ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವಳು ನಾನು. ಲೆಕ್ಕ ತಾಳೆಯಾಗದಿದ್ದರೆ ನಿದ್ದೆ ಹತ್ತುವುದಿಲ್ಲ. ನೆಂಟರಿಗೆಲ್ಲ ವಾಟ್ಸಾಪ್ ಮಾಡಿ ಅವರವರ ಬಿಲ್ಲಿನ ಫೋಟೊ ತರಿಸಿಕೊಂಡೆ. ಸೊಲ್ಲಾಪುರದ ತಮ್ಮ, ಕಾಸರಗೋಡಿನ ಸೋದರತ್ತೆಯ ಮಗಳು, ದೆಹಲಿಯಲ್ಲಿ ಕೆಲಸಕ್ಕಿರುವ ತಂಗಿಯ ಮಗ, ಎಲ್ಲರೂ ಕಳಿಸಿದರು. ಒಂದು ವಾರ ನಮ್ಮ ಊಟದ ಮೇಜು ಆಡಿಟ್ ಆಫೀಸಾಗಿತ್ತು.

ಮೊದಲು ನನ್ನ ಚೀಟಿಯನ್ನೇ ಬಿಡಿಸುತ್ತೇನೆ. 2025ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಮನೆಬಳಕೆಯ ಕರೆಂಟು ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಒಂದು ಯೂನಿಟ್ ಉರಿಸಿದರೂ ಸಾವಿರ ಉರಿಸಿದರೂ ಅದೇ ದರ. 207ಕ್ಕೆ 1200 ರೂಪಾಯಿ 60 ಪೈಸೆ. ಅದರ ಮೇಲೆ ಯೂನಿಟ್ಟಿಗೆ 36 ಪೈಸೆ, ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬ್ತು, ಅದು ಎಪ್ಪತ್ತೈದು. ವಿದ್ಯುತ್ ಶುಲ್ಕದ ಮೇಲೆ ನೂರಕ್ಕೆ 9ರಂತೆ ತೆರಿಗೆ, ನೂರೆಂಟು. ಉಳಿದದ್ದು ನಿಗದಿತ ಶುಲ್ಕ. ಮಂಜೂರಾದ ಲೋಡಿನ ಒಂದೊಂದು ಕಿಲೋವ್ಯಾಟಿಗೂ 145 ರೂಪಾಯಿ. ನಮ್ಮದು ಮೂರು ಕಿಲೋವ್ಯಾಟ್, ಹಾಗಾಗಿ 435. ಕಲ್ಲಿದ್ದಲಿನ ಬೆಲೆ ಹತ್ತಿ ಇಳಿದಂತೆ ತಿಂಗಳು ತಿಂಗಳು ಬದಲಾಗುವ ಹೊಂದಾಣಿಕೆಯ ಪೈಸೆಗಳನ್ನು ಬಿಟ್ಟರೂ ಒಟ್ಟು 1820ರ ಹತ್ತಿರ.

ಹಾಗಾದರೆ ಹಿಂದಿನ ತಿಂಗಳುಗಳಲ್ಲಿ ಸೊನ್ನೆ ಹೇಗೆ? ನಮ್ಮ ಸರ್ಕಾರದ ಗೃಹಜ್ಯೋತಿ ಯೋಜನೆ. 2022-23ರಲ್ಲಿ ನಮ್ಮ ಮನೆಯ ಸರಾಸರಿ 158 ಯೂನಿಟ್ ಇತ್ತು. ಅದಕ್ಕೆ ನೂರಕ್ಕೆ ಹತ್ತು ಸೇರಿಸಿ 174 ನಮ್ಮ ಪಾಲು. ಅಷ್ಟರೊಳಗಿದ್ದರೆ ಬಿಲ್ಲು ಪೂರ್ತಿ ಸರ್ಕಾರದ್ದು. 174 ದಾಟಿ 200ರೊಳಗಿದ್ದರೆ ಹೆಚ್ಚುವರಿಯದಷ್ಟೇ ನನ್ನದು. 200 ದಾಟಿತೋ, ಮೊದಲ ಯೂನಿಟ್ಟಿನಿಂದ ಪೂರ್ತಿ ನನ್ನದು, ನಿಗದಿತ ಶುಲ್ಕವೂ ಸೇರಿ. 200ರಲ್ಲಿ ನಿಂತಿದ್ದರೆ ನೂರೈವತ್ತೋ ಇನ್ನೂರೋ ಕಟ್ಟಿ ಸುಮ್ಮನಿರುತ್ತಿದ್ದೆ. ಕೊನೆಯ ಏಳು ಯೂನಿಟ್ಟಿಗೆ ತೆತ್ತದ್ದು ಸಾವಿರದ ಆರುನೂರಕ್ಕೂ ಮೇಲೆ. ಮೊಮ್ಮಕ್ಕಳ ಎರಡು ದಿನದ ಕೂಲರ್ ಗಾಳಿ ಅದು.

ಇಲ್ಲಿ ಒಂದು ಹಳೆಯ ಮಾತು ಹೇಳಬೇಕು. 2023-24ರಲ್ಲಿ ನಮ್ಮ ರಾಜ್ಯದಲ್ಲಿ ನೂರು ಯೂನಿಟ್ಟಿನವರೆಗೆ 4.75, ನೂರು ದಾಟಿದರೆ ಅಷ್ಟೂ ಯೂನಿಟ್ಟಿಗೆ ಏಳು ರೂಪಾಯಿ ದರವಿತ್ತು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಈ ಮೆಟ್ಟಿಲನ್ನು ತೆಗೆದು, ಎಲ್ಲರಿಗೂ 5.90 ಎಂದು ನೆಲ ಸಮ ಮಾಡಿತು. ಆಯೋಗ ತೆಗೆದ ಮೆಟ್ಟಿಲು ಯೋಜನೆಯ ಬಾಗಿಲಿನಿಂದ ಮತ್ತೆ ಒಳಗೆ ಬಂದಿದೆ, ಅಷ್ಟೇ. ಆಗ ನೂರರಲ್ಲಿ ಎಡವುತ್ತಿದ್ದೆವು, ಈಗ ಇನ್ನೂರರಲ್ಲಿ. ಆರು ಎ.ಸಿ. ಇರುವ ಬಂಗಲೆಗೂ ನನ್ನ ಎರಡು ಕೋಣೆಗೂ ಯೂನಿಟ್ಟಿಗೆ ಒಂದೇ ದರ ಅನ್ನುವುದನ್ನು ನಾನಂತೂ ಒಪ್ಪಿಕೊಂಡಿಲ್ಲ.

ಇನ್ನು ಅಕ್ಕನ ಲೆಕ್ಕ. ಅವಳ ಮನೆಯಲ್ಲಿ ಮೀಟರ್ ಪೆಟ್ಟಿಗೆಯ ಪಕ್ಕ, ಮೊಳೆಗೆ ಸಿಕ್ಕಿಸಿದ ಒಂದು ಬಿಳಿ ಕಾರ್ಡು ಇರುತ್ತದೆ. ಎರಡು ತಿಂಗಳಿಗೊಮ್ಮೆ ಬರುವವರು ರೀಡಿಂಗ್ ನೋಡಿ ಅದರಲ್ಲಿ ಪೆನ್ನಿನಲ್ಲಿ ಬರೆದುಹೋಗುತ್ತಾರೆ. ಅಂಚು ಮಡಿಸಿ ಮಡಿಸಿ ಬಟ್ಟೆಯ ಹಾಗೆ ಮೆತ್ತಗಾದ ಆ ಕಾರ್ಡಿನಲ್ಲಿ ಅವಳ ಮನೆಯ ಕೆಲವು ವರ್ಷಗಳ ಸಂಸಾರವೇ ಇದೆ. ಮಗಳ ಮದುವೆಯ ತಿಂಗಳು, ಭಾವ ಆಸ್ಪತ್ರೆಯಲ್ಲಿದ್ದ ತಿಂಗಳು, ಎಲ್ಲ ಅಂಕೆಯಲ್ಲೇ ಗೊತ್ತಾಗುತ್ತದೆ. ನನ್ನ ಚೀಟಿಯಾದರೋ ಆರು ತಿಂಗಳಲ್ಲಿ ಮಾಸಿ ಬಿಳಿ ಹಾಳೆಯಾಗಿರುತ್ತದೆ.

ತಮಿಳುನಾಡಿನಲ್ಲಿ ಲೆಕ್ಕ ಎರಡು ತಿಂಗಳದ್ದು. ಮೊದಲ ನೂರು ಯೂನಿಟ್ ಎಲ್ಲ ಮನೆಗೂ ಪುಕ್ಕಟೆ. ಇದು 2016ರಿಂದ ಬಂದ ಪದ್ಧತಿ. ಬಡವ, ಬಲ್ಲಿದ ಅನ್ನುವ ಭೇದ ಇಲ್ಲ, ಅರ್ಜಿಯೂ ಇಲ್ಲ. 101ರಿಂದ 200ರವರೆಗೆ 2.35, ಆಮೇಲೆ 400ರವರೆಗೆ 4.70, 500ರವರೆಗೆ 6.30. ಸರ್ಕಾರದ ಸಹಾಯಧನ ಕಳೆದು ಅಕ್ಕನ ಕೈಗೆ ಬರುವ ದರ ಇದು. ನಿಗದಿತ ಶುಲ್ಕ ಅನ್ನುವುದೇ ಮನೆಗಳಿಗೆ ಇಲ್ಲ, 2022ರಲ್ಲಿ ತೆಗೆದುಹಾಕಿದರು. 486 ಯೂನಿಟ್ಟಿಗೆ ಇದನ್ನು ಕೂಡಿದರೆ ಸರಿಯಾಗಿ ಅವಳು ಹೇಳಿದ 1717 ಬರುತ್ತದೆ.

ಅಲ್ಲೂ ಗುಂಡಿ ಇದೆ. ಎರಡು ತಿಂಗಳಲ್ಲಿ 500 ಯೂನಿಟ್ ಆದರೆ ಬಿಲ್ಲು 1805. ಇನ್ನೊಂದೇ ಒಂದು ಯೂನಿಟ್ ಹೆಚ್ಚಾದರೆ 2.35ರ ರಿಯಾಯಿತಿ ಕೈತಪ್ಪಿ 2048 ಆಗುತ್ತದೆ. ಆ ಒಂದು ಯೂನಿಟ್ಟಿನ ಬೆಲೆ 243 ರೂಪಾಯಿ. ನನ್ನ 200ರ ಗುಂಡಿಯ ಮುಂದೆ ಇದು ಮಕ್ಕಳು ಜಿಗಿಯುವ ಗುಂಡಿ ಎನ್ನಿ.

ಈಗ ಇಬ್ಬರನ್ನೂ ಪಕ್ಕಪಕ್ಕ ಇಟ್ಟರೆ ಮಜಾ ಇದೆ. ಚಳಿಗಾಲದಲ್ಲಿ ತಿಂಗಳಿಗೆ 160 ಯೂನಿಟ್ ಅಂದುಕೊಳ್ಳಿ. ಅಕ್ಕ ನಾನೂರು ರೂಪಾಯಿ ಕಟ್ಟುತ್ತಾಳೆ, ನನಗೆ ಸೊನ್ನೆ. 250 ಯೂನಿಟ್ ಆದರೆ ಅವಳಿಗೆ 900, ನನಗೆ 2100ಕ್ಕೂ ಹೆಚ್ಚು. ಇನ್ನೂ ಮೇಲೆ ಹೋಗಿ, ಐದು ಕಿಲೋವ್ಯಾಟಿನ ದೊಡ್ಡ ಮನೆ, ಕೋಣೆಗೊಂದು ಎ.ಸಿ. ಅಂದುಕೊಂಡರೆ? ತಮಿಳುನಾಡಿನಲ್ಲಿ ಮೇಲಿನ ಮೆಟ್ಟಿಲುಗಳು 8.40, 9.45, 10.50, 11.55 ಎಂದು ಏರುತ್ತಲೇ ಹೋಗುತ್ತವೆ. ನಮ್ಮಲ್ಲಿ ಅದೇ 5.80. ತಿಂಗಳಿಗೆ 650 ಯೂನಿಟ್ ಆಸುಪಾಸಿನಲ್ಲಿ ತಕ್ಕಡಿ ಮತ್ತೆ ತಿರುಗಿ, ಅಲ್ಲಿಂದಾಚೆ ಅತ್ತಿಬೆಲೆಯೇ ಅಗ್ಗ. ಯಾವ ರಾಜ್ಯದಲ್ಲಿ ಕರೆಂಟು ಸಸ್ತಾ ಎಂದು ಯಾರಾದರೂ ಕೇಳಿದರೆ, ನಿಮ್ಮನೆಯಲ್ಲಿ ಎಷ್ಟು ಯೂನಿಟ್ ಎಂದು ನಾನು ತಿರುಗಿ ಕೇಳುವುದು ಇದಕ್ಕೇ.

ಸೊಲ್ಲಾಪುರದ ತಮ್ಮನ ಬಿಲ್ಲು ನೋಡಿದಾಗ ನನ್ನ ಹೊಟ್ಟೆಯುರಿ ಸ್ವಲ್ಪ ತಣ್ಣಗಾಯಿತು. ಆಗ ಅಲ್ಲಿ ಜಾರಿಯಲ್ಲಿದ್ದ, ಮಹಾರಾಷ್ಟ್ರದ ವಿದ್ಯುತ್ ಕಂಪನಿ ಮಹಾವಿತರಣದ ದರ ನೂರು ಯೂನಿಟ್ಟಿನವರೆಗೆ 4.71, ನೂರರಿಂದ ಮುನ್ನೂರರವರೆಗೆ 10.29. ತಂತಿಯಲ್ಲಿ ಸಾಗಿಸಿದ್ದಕ್ಕೆ ಪ್ರತಿ ಯೂನಿಟ್ಟಿಗೆ 1.17 ಬೇರೆ. ಕೊನೆಗೆ ಎಲ್ಲದರ ಮೇಲೆ ನೂರಕ್ಕೆ 16 ಸುಂಕ. ನನ್ನ 207 ಯೂನಿಟ್ಟನ್ನು ಅಲ್ಲಿ ಉರಿಸಿದ್ದರೆ ನಿಗದಿತ ಶುಲ್ಕವೂ ಸೇರಿ 2250ರ ಹತ್ತಿರ ಬರುತ್ತಿತ್ತು. "ಅಕ್ಕಾ, ನಿಮಗೆ ಒಂದು ತಿಂಗಳು ಬಿಲ್ ಬಂದದ್ದಕ್ಕೆ ಇಷ್ಟು ಹಾರಾಡ್ತೀರಿ, ನಮಗೆ ಪ್ರತಿ ತಿಂಗಳೂ ಇದೇ ಹಾಡು" ಅಂದ. ಅಲ್ಲಿ ಗುಂಡಿ ಇಲ್ಲ, ನಿಜ. ಒಂದೊಂದು ಮೆಟ್ಟಿಲೂ ಮೊಣಕಾಲೆತ್ತರ.

ಕಾಸರಗೋಡಿನದು ಇನ್ನೊಂದು ಬಗೆ. ಕೇರಳದಲ್ಲಿ ಮೊದಲ ಐವತ್ತು ಯೂನಿಟ್ಟಿಗೆ ಮೂರು ರೂಪಾಯಿ ಚಿಲ್ಲರೆ, ಮೆಟ್ಟಿಲು ಹತ್ತುತ್ತಾ 200 ದಾಟಿದ ಮೇಲಿನದಕ್ಕೆ ಎಂಟು ರೂಪಾಯಿ ಚಿಲ್ಲರೆ. ತಿಂಗಳಿಗೆ 250 ದಾಟಿದರೆ ಮೆಟ್ಟಿಲೇ ಮಾಯ, ಮೊದಲ ಯೂನಿಟ್ಟಿನಿಂದ ಕೊನೆಯದರವರೆಗೆ ಒಂದೇ ದರ. ದೆಹಲಿಯ ಹುಡುಗ ಸುಖಿ: 200ರವರೆಗೆ ಅವನಿಗೂ ಸೊನ್ನೆ. ದಾಟಿದರೆ ನಮ್ಮ ಹಾಗೆ ಕೈಬಿಡುವುದಿಲ್ಲ, 400ರವರೆಗೆ ಬಿಲ್ಲಿನ ಅರ್ಧವನ್ನು, 800 ರೂಪಾಯಿ ಮೀರದಂತೆ, ಸರ್ಕಾರ ಹೊರುತ್ತದೆ. ನಮ್ಮಲ್ಲೂ ಹೀಗೊಂದು ಇಳಿಜಾರು ಮಾಡಿದ್ದರೆ ನಾನು ಆ ಜೂನ್‌ನಲ್ಲಿ ಮೀಟರ್ ಹುಡುಗನ ಮೇಲೆ ರೇಗುತ್ತಿರಲಿಲ್ಲ. ಪಾಪ, ಅವನದೇನು ತಪ್ಪು?

ಒಂದೇ ಕರೆಂಟಿಗೆ ಇಷ್ಟು ಬಗೆ ಯಾಕೆ? ದರ ಕಟ್ಟುವುದು ಆಯಾ ರಾಜ್ಯದ ಆಯೋಗ. ಕಂಪನಿ ತನ್ನ ಖರ್ಚಿನ ಪಟ್ಟಿ ಕೊಡುತ್ತದೆ, ಆಯೋಗ ಆಕ್ಷೇಪಣೆ ಕೇಳಿ, ಆ ಖರ್ಚನ್ನು ಮನೆ, ಅಂಗಡಿ, ಕಾರ್ಖಾನೆ, ಪಂಪ್‌ಸೆಟ್ಟುಗಳ ನಡುವೆ ಹಂಚುತ್ತದೆ. ನಮ್ಮಲ್ಲಿ ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ. ಯಾರಿಗಾದರೂ ಕಡಿಮೆ ಮಾಡಿದರೆ ಆ ಭಾರ ಇನ್ನೊಬ್ಬ ಗ್ರಾಹಕನ ಮೇಲೋ ಸರ್ಕಾರದ ಬೊಕ್ಕಸದ ಮೇಲೋ ಬೀಳಲೇಬೇಕು. ಸರ್ಕಾರ ರಿಯಾಯಿತಿ ಕೊಡುವುದಾದರೆ ಆ ಹಣವನ್ನು ಕಂಪನಿಗೆ ಮುಂಗಡವಾಗಿ ಕಟ್ಟಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯೇ ಹೇಳುತ್ತದೆ. ನನ್ನ ಸೊನ್ನೆ ಬಿಲ್ಲನ್ನೂ ಯಾರೋ ಕಟ್ಟುತ್ತಿದ್ದಾರೆ. ಚೀಟಿಯಲ್ಲಿ ಅವರ ಹೆಸರಿರುವುದಿಲ್ಲ.

ನಿಗದಿತ ಶುಲ್ಕದ ಮಾತು ಅರ್ಧಕ್ಕೆ ಬಿಟ್ಟೆ. ಹಳ್ಳಿಯಲ್ಲಿ ಅಪ್ಪ ಕಟ್ಟಿಸಿದ ಮನೆ ಬೀಗ ಹಾಕಿಕೊಂಡಿದೆ. ಎರಡು ಕಿಲೋವ್ಯಾಟಿನ ಸಂಪರ್ಕ ನನ್ನ ಹೆಸರಿನಲ್ಲಿದೆ. ಗೃಹಜ್ಯೋತಿ ಒಬ್ಬರಿಗೆ ಒಂದೇ ಮೀಟರಿಗೆ, ಹಾಗಾಗಿ ಅದಕ್ಕಿಲ್ಲ. ಅಲ್ಲಿ ಒಂದು ಬಲ್ಬೂ ಉರಿಯದೆ ತಿಂಗಳಿಗೆ 290 ರೂಪಾಯಿ ಹೋಗುತ್ತಿತ್ತು. ಆ ಮನೆ ಗಡಿಯಾಚೆ ಇದ್ದಿದ್ದರೆ ಸೊನ್ನೆ. ಒಂದು ಫ್ಯಾನು, ನಾಲ್ಕು ದೀಪದ ಮನೆಗೆ ಎರಡು ಕಿಲೋವ್ಯಾಟ್ ಯಾಕೆಂದು ಲೋಡ್ ಇಳಿಸಲು ಅರ್ಜಿ ಕೊಟ್ಟೆ. ಒಂದಕ್ಕೆ ಇಳಿಯಿತು, 145 ಉಳಿಯಿತು. ನಿಮ್ಮ ಬಿಲ್ಲಿನಲ್ಲೂ ಮಂಜೂರಾದ ಲೋಡಿನ ಸಾಲು ಒಮ್ಮೆ ನೋಡಿ. ಹಾಗೆಂದು ಗೀಸರು, ಎ.ಸಿ. ಇರುವ ಮನೆಯಲ್ಲಿ ಆತುರಪಟ್ಟು ಇಳಿಸಬೇಡಿ. ಈಗಿನ ಮೀಟರ್ ನೀವು ಒಮ್ಮೆಗೇ ಎಷ್ಟು ಎಳೆದಿರಿ ಅನ್ನುವುದನ್ನೂ ಬರೆದಿಟ್ಟುಕೊಳ್ಳುತ್ತದೆ.

ಆ ಜೂನ್ ನಂತರ ನನಗೊಂದು ಚಟ ಹತ್ತಿದೆ. ಬೆಳಗ್ಗೆ ಹಾಲು ತರಲು ಹೊರಟಾಗ ಮೀಟರಿನ ಮುಂದೆ ಒಂದು ನಿಮಿಷ ನಿಲ್ಲುತ್ತೇನೆ. ನಮ್ಮದರಲ್ಲಿ ಕೆಂಪು ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್. ಬರೀ ಫ್ರಿಜ್ ಓಡುತ್ತಿದ್ದರೆ ಹತ್ತು ಹನ್ನೊಂದು ಸೆಕೆಂಡಿಗೊಮ್ಮೆ ಸೋಮಾರಿಯಾಗಿ ಕಣ್ಣು ಹೊಡೆಯುತ್ತದೆ. ಯಜಮಾನರು ಗೀಸರ್ ಹಾಕಿದರೆ ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಸಲ. "ಸ್ನಾನ ಆಯ್ತಾ, ಆಫ್ ಮಾಡಿದ್ರಾ?" ಎಂದು ಅಲ್ಲಿಂದಲೇ ಕೂಗುತ್ತೇನೆ. ರೀಡಿಂಗನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಬರೆದಿಡುತ್ತೇನೆ.

ದಸರಾ ರಜೆಗೆ ಮೊಮ್ಮಕ್ಕಳು ಮತ್ತೆ ಬಂದಿದ್ದರು. ಸೆಪ್ಟೆಂಬರ್ 30ರ ಬೆಳಗ್ಗೆ ಕ್ಯಾಲೆಂಡರಿನಲ್ಲಿ ಕಳೆದು ನೋಡಿದರೆ 191. ಮೀಟರ್ ಹುಡುಗ ಬರುವುದು 3ಕ್ಕೆ. ದಿನಕ್ಕೆ ಏಳು ಯೂನಿಟ್ ಲೆಕ್ಕದಲ್ಲಿ ಮೂರು ದಿನ, ಇಪ್ಪತ್ತೊಂದು. ಅಕ್ಕನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಆ ಕಡೆಯಿಂದ ಚಪ್ಪಲಿಯ ಸದ್ದು, ಕಾರ್ಡು ಮೊಳೆಯಿಂದ ತೆಗೆದ ಸದ್ದು.

"ನಂದು ಇನ್ನೂ 410 ಕಣೇ, ತೊಂಬತ್ತು ಯೂನಿಟ್ ಜಾಗ ಇದೆ. ಮಕ್ಕಳನ್ನ ಇಲ್ಲಿಗೆ ಕಳಿಸು. ಬರೋವಾಗ ಒಗೆಯೋ ಬಟ್ಟೇನೂ ತರಲಿ."