ಸೋತವನ ಫ್ಲಾಸ್ಕಿನಲ್ಲೂ ಜೀವವಿತ್ತು

1863ರಲ್ಲಿ, ಅರವತ್ತು ದಾಟಿದ ಫ್ರೆಂಚ್ ವಿಜ್ಞಾನಿ ಫೆಲಿಕ್ಸ್ ಪೂಶೆ ಇಬ್ಬರು ಸಂಗಡಿಗರನ್ನು ಕಟ್ಟಿಕೊಂಡು ಪಿರೆನೀಸ್ ಪರ್ವತದ ಮಲಾಡೆಟಾ ಹಿಮನದಿ ಹತ್ತಿದರು. ಒಣಹುಲ್ಲು ಕುದಿಸಿ ಇಳಿಸಿದ ಕಷಾಯ ತುಂಬಿ, ಬಾಯಿ ಬೆಸೆದ ಗಾಜಿನ ಫ್ಲಾಸ್ಕುಗಳು ಅವರ ಬಳಿ ಇದ್ದವು. ಮೇಲೆ ತಲುಪಿದ ಮೇಲೆ ಅವುಗಳ ಕತ್ತು ಮುರಿದು, ಅಲ್ಲಿಯ ಗಾಳಿ ಒಳಗೆ ನುಗ್ಗಲು ಬಿಟ್ಟು, ಮತ್ತೆ ಬೆಸೆದರು. ಕೆಲವೇ ದಿನಗಳಲ್ಲಿ ಕಷಾಯ ಕದಡಿತು. ಸೂಕ್ಷ್ಮದರ್ಶಕದಡಿ ಜೀವಿಗಳು ಓಡಾಡುತ್ತಿದ್ದವು. ಜಡವಸ್ತುವಿನಿಂದ ಜೀವ ತಾನಾಗಿಯೇ ಹುಟ್ಟುತ್ತದೆ ಎಂದು ವಾದಿಸುತ್ತಿದ್ದ ಪೂಶೆಗೆ ಅಷ್ಟು ಸಾಕಿತ್ತು.

ಅವರು ಬೆಟ್ಟ ಹತ್ತಿದ್ದೇ ಲೂಯಿ ಪಾಶ್ಚರ್ ಮೇಲಿನ ಹಟಕ್ಕೆ. 1860ರಲ್ಲಿ ಪಾಶ್ಚರ್ ಆಲ್ಪ್ಸ್‌ನಲ್ಲಿ ಇದೇ ಬಗೆಯ 20 ಫ್ಲಾಸ್ಕುಗಳನ್ನು ತೆರೆದಿದ್ದರು. ಕೆಟ್ಟದ್ದು ಒಂದೇ ಒಂದು. ಜೀವ ಬರುವುದು ಗಾಳಿಯಿಂದಲ್ಲ, ಗಾಳಿಯಲ್ಲಿ ತೇಲುವ ಧೂಳಿನಿಂದ. ಧೂಳು ಕಡಿಮೆಯಿರುವ ಎತ್ತರದಲ್ಲಿ ಜೀವವೂ ಕಡಿಮೆ ಎಂಬುದು ಅವರ ಲೆಕ್ಕ.

ಜಗಳ ಹಳೆಯದು. ಕೊಳೆತದ್ದರಿಂದ, ಕೆಸರಿನಿಂದ ಹುಳುಗಳು ಹುಟ್ಟುತ್ತವೆಂದು ಅರಿಸ್ಟಾಟಲ್ ನಂಬಿದ್ದ. ನಮ್ಮಲ್ಲೂ ಐತರೇಯ ಉಪನಿಷತ್ತು ಅಂಡಜ, ಜರಾಯುಜ, ಉದ್ಭಿಜ್ಜಗಳ ಜೊತೆಗೆ ಸ್ವೇದಜವನ್ನೂ, ಎಂದರೆ ಬೆವರಿನಿಂದ ಹುಟ್ಟುವುದನ್ನೂ, ಎಣಿಸುತ್ತದೆ. ಹೇನು, ತಿಗಣೆಗಳು ಬೆವರಿನಿಂದಲೇ ಹುಟ್ಟುತ್ತವೆಂಬ ನಂಬಿಕೆ ಎಷ್ಟೋ ಮನೆಗಳಲ್ಲಿ ಬಹುಕಾಲ ಉಳಿದಿತ್ತು. ಛಾಂದೋಗ್ಯ ಮಾತ್ರ ಮೂರೇ ಬಗೆಯನ್ನು ಹೇಳಿ ಸುಮ್ಮನಾಗುತ್ತದೆ, ಅದರಲ್ಲಿ ಬೆವರಿಗೆ ಜಾಗವಿಲ್ಲ.

ಇದನ್ನು ಪಾತ್ರೆಯಲ್ಲಿಟ್ಟು ಪರೀಕ್ಷಿಸಿದವರಲ್ಲಿ ಮೊದಲ ದೊಡ್ಡ ಹೆಸರು ಇಟಲಿಯ ವೈದ್ಯ ಫ್ರಾಂಚೆಸ್ಕೊ ರೆಡಿ. 1668ರಲ್ಲಿ ಪ್ರಕಟವಾದ ಅವನ ಪ್ರಯೋಗ ಸರಳವಾಗಿತ್ತು: ಕೆಲವು ಜಾಡಿಗಳಲ್ಲಿ ಮಾಂಸ ತೆರೆದಿಟ್ಟ, ಕೆಲವಕ್ಕೆ ತೆಳು ಬಟ್ಟೆ ಬಿಗಿದ. ತೆರೆದ ಮಾಂಸದಲ್ಲಿ ಹುಳು ಬಿದ್ದವು. ಮುಚ್ಚಿದ ಜಾಡಿಗಳಲ್ಲಿ ನೊಣಗಳು ಬಟ್ಟೆಯ ಮೇಲೆಯೇ ಮೊಟ್ಟೆಯಿಟ್ಟವು, ಮಾಂಸದಲ್ಲಿ ಒಂದು ಹುಳುವೂ ಕಾಣಲಿಲ್ಲ. ಇಷ್ಟು ಚೊಕ್ಕ ಪ್ರಯೋಗ ಮಾಡಿದ ಅದೇ ರೆಡಿ, ಗಿಡದ ಗಂಟುಗಳೊಳಗಿನ ಕೀಟಗಳನ್ನು ಗಿಡವೇ ಹುಟ್ಟಿಸುತ್ತದೆ ಎಂದೂ ನಂಬಿದ್ದ!

ಸೂಕ್ಷ್ಮಜೀವಿಗಳು ಕಣ್ಣಿಗೆ ಬಿದ್ದ ಮೇಲೆ ಸತ್ತ ವಾದ ಮತ್ತೆ ಎದ್ದು ಕೂತಿತು. ಹದಿನೆಂಟನೇ ಶತಮಾನದಲ್ಲಿ ನೀಡಮ್ ಎಂಬ ವಿಜ್ಞಾನಿ, ಕುದಿಸಿದ ಸಾರಿನಲ್ಲಿ ಜೀವ ಕಂಡಿತೆಂದರು. ಸ್ಪಲ್ಲಾಂಜಾನಿ ಎಂಬ ಇನ್ನೊಬ್ಬ ವಿಜ್ಞಾನಿ ಇನ್ನೂ ಹೆಚ್ಚು ಹೊತ್ತು ಕುದಿಸಿ, ಕಾಣುವುದಿಲ್ಲವೆಂದರು. ಕೊನೆಗೆ ಪಾಶ್ಚರ್ ಹಂಸದ ಕೊರಳಿನಂತೆ ಬಾಗಿದ ಫ್ಲಾಸ್ಕು ಮಾಡಿಸಿದರು. ಬಾಯಿ ತೆರೆದೇ ಇರುತ್ತದೆ, ಗಾಳಿ ಸಲೀಸಾಗಿ ಆಡುತ್ತದೆ, ಧೂಳು ಮಾತ್ರ ಬಾಗಿನಲ್ಲೇ ಕೂರುತ್ತದೆ. ದ್ರವ ಕೆಡುವುದಿಲ್ಲ. ಫ್ಲಾಸ್ಕನ್ನು ವಾಲಿಸಿ ದ್ರವಕ್ಕೆ ಆ ಧೂಳು ತಾಗಿಸಿದರೆ ಮಾತ್ರ ಕೆಡುತ್ತದೆ. 1862ರಲ್ಲಿ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ ಅವರಿಗೆ ಬಹುಮಾನ ಕೊಟ್ಟಿತು. ಇಬ್ಬರ ವಾದವನ್ನು ತೀರ್ಮಾನಿಸಲು ಅಕಾಡೆಮಿ ನೇಮಿಸಿದ ಸಮಿತಿ ಪಾಶ್ಚರ್ ಕಡೆಗೇ ವಾಲಿದೆಯೆಂದು ಪೂಶೆ 1864ರಲ್ಲಿ ಹಿಂದೆ ಸರಿದರು.

ಅವರು ಹಟ ಬಿಡದೆ ಸಮಿತಿಯ ಮುಂದೆಯೇ ಹುಲ್ಲಿನ ಕಷಾಯ ತೆರೆದಿದ್ದರೆ ಪಾಶ್ಚರ್ ಕಕ್ಕಾಬಿಕ್ಕಿಯಾಗುತ್ತಿದ್ದರೇನೋ. ಪಾಶ್ಚರ್ ಬಳಸಿದ್ದು ಯೀಸ್ಟಿನ ನೀರು. ಹುಲ್ಲಿನಲ್ಲಿ ಬೇರೊಂದು ಬ್ಯಾಕ್ಟೀರಿಯಾ ಇರುತ್ತದೆ; ಅದರ ಬೀಜಾಣುಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಇದನ್ನು ಫರ್ಡಿನಾಂಡ್ ಕೋನ್ ತೋರಿಸಿಕೊಟ್ಟದ್ದು 1876ರಲ್ಲಿ. ಪೂಶೆ ಕಂಡದ್ದು ಸುಳ್ಳಲ್ಲ, ಅದಕ್ಕೆ ಕೊಟ್ಟ ಕಾರಣ ತಪ್ಪು. ಈ ವಿಷಯದ ಚರಿತ್ರೆಯುದ್ದಕ್ಕೂ ಇದೇ ಪಾಡು: ತನ್ನ ಪಾತ್ರೆಯೊಳಗೆ ತಾನೇ ಏನನ್ನು ಹಾಕಿದ್ದೇನೆಂಬುದು ಹಾಕಿದವನಿಗೇ ಗೊತ್ತಿರುವುದಿಲ್ಲ.

ಪಾಶ್ಚರ್ ಗೆದ್ದರು, ಆದರೆ ಆ ಗೆಲುವು ಮುಜುಗರದ ಇನ್ನೊಂದು ಪ್ರಶ್ನೆಯನ್ನು ಎತ್ತಿತು. ಜೀವದಿಂದಲೇ ಜೀವ ಎಂದಾದರೆ ಮೊಟ್ಟಮೊದಲನೆಯದು ಎಲ್ಲಿಂದ ಬಂತು? ಡಾರ್ವಿನ್ ಇದನ್ನು ಪುಸ್ತಕದಲ್ಲಿ ಬರೆಯುವ ಗೋಜಿಗೆ ಹೋಗಲಿಲ್ಲ. 1871ರಲ್ಲಿ ಗೆಳೆಯ ಹುಕರ್‌ಗೆ ಬರೆದ ಕಾಗದದಲ್ಲಿ ಮಾತ್ರ, ಅಮೋನಿಯಾ, ಫಾಸ್ಫೇಟು, ಬೆಳಕು, ಶಾಖ, ವಿದ್ಯುತ್ತು ಎಲ್ಲ ಸೇರಿದ ಒಂದು ಬೆಚ್ಚನೆಯ ಪುಟ್ಟ ಹೊಂಡದಲ್ಲಿ ಪ್ರೋಟೀನು ಹುಟ್ಟಿದ್ದರೆ ಎಂದು ಊಹಿಸಿದರು. ಇಂದು ಅಂಥದ್ದು ಹುಟ್ಟಿದರೂ ಯಾವುದಾದರೂ ಜೀವಿ ತಕ್ಷಣ ತಿಂದು ಮುಗಿಸುತ್ತದೆ ಎಂದೂ ಸೇರಿಸಿದರು. ಇಡೀ ಕಾಗದದಲ್ಲಿ ಬುದ್ಧಿವಂತಿಕೆಯ ಮಾತೆಂದರೆ ಅದೇ.

ಹೊಂಡವನ್ನು ಸಮುದ್ರವಾಗಿಸಿದವರು ಇಬ್ಬರು. ರಷ್ಯಾದ ಅಲೆಕ್ಸಾಂಡರ್ ಓಪಾರಿನ್ 1924ರಲ್ಲಿ ಜೀವದ ಹುಟ್ಟಿನ ಬಗ್ಗೆ ಒಂದು ಕಿರುಹೊತ್ತಗೆ ತಂದರು. ಅದರ ಸುಳಿವಿಲ್ಲದೆ 1929ರಲ್ಲಿ ಇಂಗ್ಲೆಂಡಿನ ಜೆ.ಬಿ.ಎಸ್. ಹಾಲ್ಡೇನ್, ಆಮ್ಲಜನಕವಿಲ್ಲದ ಆದಿಕಾಲದ ಕಡಲು ಬಿಸಿ ತಿಳಿಸಾರಿನಂತಿತ್ತು ಎಂದು ಬರೆದರು. ಈ ಹಾಲ್ಡೇನ್ 1957ರಲ್ಲಿ ಕಲ್ಕತ್ತೆಗೆ ಬಂದು ನೆಲೆಸಿ, ಭಾರತದ ಪೌರರಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಸಾಯುವ ಹಿಂದಿನ ವರ್ಷ ಫ್ಲಾರಿಡಾದ ಸಮ್ಮೇಳನವೊಂದರಲ್ಲಿ ಓಪಾರಿನ್ ಎದುರಾದಾಗ, ಮೊದಲು ಹೇಳಿದವರು ನೀವೇ ಎಂದು ಎಲ್ಲರೆದುರು ಒಪ್ಪಿಕೊಂಡರು.

ಅಷ್ಟರಲ್ಲಿ ಷಿಕಾಗೋದ ವಿದ್ಯಾರ್ಥಿ ಸ್ಟ್ಯಾನ್ಲಿ ಮಿಲ್ಲರ್ ಆ ಸಾರನ್ನು ಗಾಜಿನಲ್ಲೇ ಕಾಸಿಯಾಗಿತ್ತು. ಗುರು ಹೆರಾಲ್ಡ್ ಯೂರಿಗೆ ಮೊದಲು ಈ ಸಾಹಸ ಬೇಡವಾಗಿತ್ತು. ಒಂದು ಬುರುಡೆಯಲ್ಲಿ ನೀರು ಕುದಿಯುತ್ತದೆ; ಇನ್ನೊಂದರಲ್ಲಿ ಮೀಥೇನ್, ಅಮೋನಿಯಾ, ಜಲಜನಕಗಳ ನಡುವೆ ಮಿಂಚಿಗೆ ಬದಲಾಗಿ ವಿದ್ಯುತ್ ಕಿಡಿ. ಮರುದಿನಕ್ಕೆ ನೀರು ನಸುಗೆಂಪಾಯಿತು, ವಾರ ಕಳೆಯುವಷ್ಟರಲ್ಲಿ ಗಾಢ ಕೆಂಪಾಗಿ ಕದಡಿತು. ಸೋಸುಕಾಗದದ ಮೇಲೆ ನಿನ್‌ಹೈಡ್ರಿನ್ ಸಿಂಪಡಿಸಿದಾಗ ನೇರಳೆ ಕಲೆಗಳು ಮೂಡಿದವು: ಗ್ಲೈಸಿನ್, ಅಲನಿನ್. ಪ್ರಬಂಧ 1953ರ ಮೇ 15ರಂದು 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಶ್ರೇಯಸ್ಸು ಹುಡುಗನಿಗೇ ಸಲ್ಲಲೆಂದು ನೊಬೆಲ್ ಪಡೆದಿದ್ದ ಯೂರಿ ತಮ್ಮ ಹೆಸರು ತೆಗೆಸಿದ್ದರು.

ಮಿಲ್ಲರ್ ಪಾತ್ರೆಗೂ ತಕರಾರು ತಪ್ಪಲಿಲ್ಲ. ಆದಿಭೂಮಿಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು, ಸಾರಜನಕಗಳೇ ಹೆಚ್ಚಿದ್ದವು ಎಂದು ಭೂವಿಜ್ಞಾನಿಗಳು ಹೇಳತೊಡಗಿದರು. ಅವುಗಳಲ್ಲಿ ಕಿಡಿ ಹಾರಿಸಿದರೆ ಫಸಲು ತೀರಾ ಕಡಿಮೆ. 2007ರಲ್ಲಿ ಮಿಲ್ಲರ್ ತೀರಿಕೊಂಡ ಮೇಲೆ ಅವರ ಶಿಷ್ಯ ಜೆಫ್ರಿ ಬಾಡಾಗೆ ರಟ್ಟಿನ ಪೆಟ್ಟಿಗೆಗಳಲ್ಲಿ ಹಳೆಯ ಪ್ರಯೋಗಗಳ ಒಣಗಿದ ಸೀಸೆಗಳು ಸಿಕ್ಕವು. ಜ್ವಾಲಾಮುಖಿಯ ಹಬೆಯನ್ನು ಅನುಕರಿಸಿದ ಒಂದು ಸಲಕರಣೆಯ ಸೀಸೆಗಳಲ್ಲಿ ಹೊಸ ಯಂತ್ರಗಳು 22 ಅಮೈನೋ ಆಮ್ಲಗಳನ್ನು ಗುರುತಿಸಿದವು. ಅರ್ಧ ಶತಮಾನ ಅವು ಪೆಟ್ಟಿಗೆಯಲ್ಲೇ ಕೂತಿದ್ದವು.

ಆದರೆ ಅಮೈನೋ ಆಮ್ಲಗಳ ರಾಶಿ ಜೀವವಲ್ಲ. ಪ್ರೋಟೀನು ಕಟ್ಟಲು ಡಿಎನ್ಎ ಬೇಕು, ಡಿಎನ್ಎ ನಕಲಾಗಲು ಪ್ರೋಟೀನು ಬೇಕು. 1982ರಲ್ಲಿ ಥಾಮಸ್ ಚೆಕ್, ತನ್ನನ್ನು ತಾನೇ ಕತ್ತರಿಸಿ ಜೋಡಿಸಿಕೊಳ್ಳುವ ಆರ್‌ಎನ್‌ಎಯನ್ನು ತೋರಿಸಿದಾಗ ಈ ತೊಡಕಿಗೆ ದಾರಿ ಕಂಡಿತು: ಡಿಎನ್ಎ, ಪ್ರೋಟೀನು ಎರಡರ ಕೆಲಸವನ್ನೂ ಅದೊಂದೇ ಮಾಡಿದ್ದಿರಬಹುದು. ಕಡಲಾಳದ ಬಿಸಿನೀರಿನ ಬುಗ್ಗೆಗಳೇ ಜೀವದ ತವರು ಎನ್ನುವ ಬಣ ಇದನ್ನು ಪೂರ್ತಿ ಒಪ್ಪುವುದಿಲ್ಲ. ಅವರಿಗೆ ಶಕ್ತಿಯ ಹರಿವು ಮೊದಲು, ಆರ್‌ಎನ್‌ಎ ಆಮೇಲೆ.

ಇನ್ನು ಆಕಾಶ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಬಳಿ ಬಿದ್ದ ಉಲ್ಕಾಶಿಲೆಯಲ್ಲಿ ಅಮೈನೋ ಆಮ್ಲಗಳಿವೆಯೆಂದು ಶ್ರೀಲಂಕಾ ಮೂಲದ, ಮದ್ರಾಸಿನಲ್ಲೂ ಓದಿದ್ದ ಸಿರಿಲ್ ಪೊನ್ನಂಪೆರುಮ ಅವರ ತಂಡ ಮರುವರ್ಷ ಪ್ರಕಟಿಸಿತು. ಕನ್ನಡಿಬಿಂಬದಂತಿರುವ ಎಡ, ಬಲ ಎಂಬ ಎರಡು ರೂಪಗಳಲ್ಲಿ, ಜೀವಿಗಳ ಪ್ರೋಟೀನು ಕಟ್ಟಿರುವುದು 'ಎಡಗೈ' ಅಮೈನೋ ಆಮ್ಲಗಳಿಂದ. ಮರ್ಚಿಸನ್ ಕಲ್ಲಿನ ಕೆಲವು ಆಮ್ಲಗಳಲ್ಲೂ ಎಡದ್ದೇ ಹೆಚ್ಚೆಂದು ಮುಂದೆ ಗೊತ್ತಾದಾಗ, ಆ ಒಲವು ಬಾಹ್ಯಾಕಾಶದಿಂದಲೇ ಬಂತೆಂದು ಹಲವರು ಭಾವಿಸಿದರು. 2023ರಲ್ಲಿ ನಾಸಾ ನೌಕೆ ಬೆನ್ನು ಎಂಬ ಕ್ಷುದ್ರಗ್ರಹದಿಂದ 121.6 ಗ್ರಾಂ ಮಣ್ಣನ್ನು ಭೂಮಿಯ ಕೊಳೆ ಸೇರದಂತೆ ಜೋಪಾನವಾಗಿ ತಂದಿಳಿಸಿತು. ಪ್ರೋಟೀನಿಗೆ ಬೇಕಾದ 20 ಅಮೈನೋ ಆಮ್ಲಗಳಲ್ಲಿ 14, ಡಿಎನ್ಎ-ಆರ್‌ಎನ್‌ಎಗಳ ಐದೂ ಬೇಸ್‌ಗಳು ಅದರಲ್ಲಿವೆಯೆಂದು 2025ರ ಜನವರಿಯಲ್ಲಿ ವರದಿಯಾಯಿತು. ಎಡ ಬಲಗಳು ಮಾತ್ರ ಹೆಚ್ಚುಕಡಿಮೆ ಸಮಸಮ. ಜೀವಕ್ಕೆ ಎಡದ ಒಲವು ಎಲ್ಲಿಂದ ಬಂತೆಂದು ಈಗ ಮತ್ತೆ ಹೊಸದಾಗಿ ಹುಡುಕಬೇಕಾಗಿದೆ.