ಕಲ್ಲಿನ ಧೂಳು ಮತ್ತು ನಿಮ್ಮ ಸಂಸಾರ

ಮಳೆ ಕೈಕೊಟ್ಟ ವರ್ಷ ಹೊಲ ಬಿಟ್ಟು ಕಲ್ಲು ಕ್ವಾರಿಗೋ ಜಲ್ಲಿ ಕ್ರಷರಿಗೋ ಕೂಲಿಗೆ ಹೋಗುವುದು ನಮ್ಮ ಗ್ರಾಮಗಳಲ್ಲಿ ಹೊಸದಲ್ಲ. ಕೂಲಿ ವಾರಕ್ಕೊಮ್ಮೆ ಕೈಸೇರುತ್ತದೆ. ಧೂಳಿನ ಲೆಕ್ಕ ತಿಳಿಯುವುದು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷಗಳ ಅನಂತರ.

ಕಲ್ಲನ್ನು ಕೊರೆಯುವಾಗ, ಒಡೆಯುವಾಗ ಏಳುವ ಧೂಳಿನಲ್ಲಿ ಸಿಲಿಕಾ ಎಂಬ ಪದಾರ್ಥವಿರುತ್ತದೆ. ದಪ್ಪ ಧೂಳನ್ನು ಮೂಗು, ಗಂಟಲು ತಡೆಯುತ್ತವೆ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದದ್ದು ಶ್ವಾಸಕೋಶದ ಆಳವನ್ನು ಸೇರಿ, ಗಾಯದ ಕಲೆಯಂತಹ ಗಂಟುಗಳನ್ನು ಉಂಟುಮಾಡುತ್ತದೆ. ಇದೇ ಸಿಲಿಕೋಸಿಸ್. ಮೊದಲು ಒಣಕೆಮ್ಮು, ಬಳಿಕ ಏರು ಹತ್ತುವಾಗ ಏದುಸಿರು. ಇದನ್ನು ಗುಣಪಡಿಸುವ ಔಷಧವಿಲ್ಲ. ಬೆಲ್ಲ ತಿಂದರೆ ಧೂಳು ಇಳಿದುಹೋಗುವುದೆಂಬ ಮಾತನ್ನು ನಂಬಬೇಡಿರಿ. ಬೆಲ್ಲ ಹೋಗುವುದು ಹೊಟ್ಟೆಗೆ, ಶ್ವಾಸಕೋಶಕ್ಕಲ್ಲ.

ಈ ರೋಗವುಳ್ಳವರಿಗೆ ಕ್ಷಯ ಸುಲಭವಾಗಿ ತಗಲುತ್ತದೆ. ಕ್ಷಯವು ಮನೆಯ ಮಕ್ಕಳಿಗೂ ಹರಡಬಲ್ಲದು. ಎರಡರ ಲಕ್ಷಣಗಳೂ ಒಂದೇ ತೆರನಾಗಿರುವುದರಿಂದ, ಆಸ್ಪತ್ರೆಯಲ್ಲಿ ಕೆಮ್ಮು ಎಂದಷ್ಟೇ ಹೇಳದೆ ಎಷ್ಟು ವರ್ಷ ಯಾವ ಕೆಲಸ ಮಾಡಿದಿರೆಂಬುದನ್ನೂ ತಿಳಿಸಿರಿ. ಗಂಡನು ಸಂಕೋಚಪಟ್ಟರೆ ಹೆಂಡತಿಯಾದರೂ ಹೇಳಲಿ. ಇದು ವೈದ್ಯರು ಸರ್ಕಾರಕ್ಕೆ ವರದಿ ಮಾಡಬೇಕಾದ ರೋಗ, ಕಾನೂನಿನಲ್ಲಿ ಪರಿಹಾರಕ್ಕೆ ಅವಕಾಶವಿರುವ ರೋಗ. ಕೆಲಸದ ವಿವರ ಆಸ್ಪತ್ರೆಯ ಚೀಟಿಯಲ್ಲಿ ಇಲ್ಲದಿದ್ದರೆ ಮುಂದೆ ಪರಿಹಾರ ಕೇಳುವುದು ಕಷ್ಟವಾಗುತ್ತದೆ.

ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ 7,000ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡಿತು. ಆ ಗಣಿಗಳು 2001ರಲ್ಲಿ ಮುಚ್ಚಿದವು. ಕಲ್ಲು ಕೊರೆಯುವ ಕೆಲಸ ನಿಂತಿಲ್ಲ. ಅದೇ ಕಾರ್ಮಿಕರು 1930ರಲ್ಲಿ, ಹೆಬ್ಬೆರಳಿನ ಗುರುತು ಕೊಡಬೇಕೆಂಬ ನಿಯಮವನ್ನು ಒಪ್ಪದೆ ಸಾವಿರಾರು ಸಂಖ್ಯೆಯಲ್ಲಿ ಕೆಲಸ ನಿಲ್ಲಿಸಿದ್ದರು. ಒಬ್ಬಿಬ್ಬರು ಒಪ್ಪದಿದ್ದರೆ ಅವರನ್ನು ಮನೆಗೆ ಕಳುಹಿಸುವುದು ಸುಲಭವಾಗುತ್ತಿತ್ತು.

ಕ್ವಾರಿಯಲ್ಲಿಯೂ ಹೀಗೆಯೇ. ನೀರು ಹಾಯಿಸುತ್ತ ಕೊರೆದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಆದರೆ ನೀರಿನ ವ್ಯವಸ್ಥೆ ಮಾಡಬೇಕಾದವನು ಮಾಲೀಕ. ಒಬ್ಬನೇ ಕೇಳಿದರೆ ನಾಳೆಯಿಂದ ಬರಬೇಡವೆಂಬ ಉತ್ತರ ಬರಬಹುದು. ಸಂಘ ಕಟ್ಟಿಕೊಂಡು ಎಲ್ಲರೂ ಕೇಳಿರಿ. ಕೂಲಿ ಹೆಚ್ಚಿಸಿರೆಂದು ಕೇಳುವ ದಿನವೇ ನೀರನ್ನೂ, ತಕ್ಕ ಮುಖಕವಚವನ್ನೂ, ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇಯನ್ನೂ ಕೇಳಿರಿ. ಮುಖಕ್ಕೆ ಕಟ್ಟಿದ ಟವೆಲು ಸೂಕ್ಷ್ಮ ಧೂಳನ್ನು ತಡೆಯಲಾರದು.

ಧೂಳಿನ ಬಟ್ಟೆಯನ್ನು ಮನೆಯೊಳಗೆ ಕೊಡವಬೇಡಿರಿ. ಹೊರಗೇ ತೆಗೆದು, ನೀರಿನಲ್ಲಿ ನೆನೆಸಿ ಒಗೆಯಿರಿ. ಕೈಕಾಲು ತೊಳೆದ ಮೇಲೆಯೇ ಮಗುವನ್ನು ಎತ್ತಿಕೊಳ್ಳಿರಿ. ಬೀಡಿಯ ಅಭ್ಯಾಸವಿದ್ದರೆ ಬಿಡಿರಿ. ಎರಡು ವಾರ ದಾಟಿದ ಕೆಮ್ಮಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಿರಿ. ಅದಕ್ಕೆ ಹಣ ಕೊಡಬೇಕಾಗಿಲ್ಲ.